ಹುಳು ಸಾಯುವುದಿಲ್ಲ, ಗೂಡೂ ಕಟ್ಟುವುದಿಲ್ಲ

ರೇಷ್ಮೆ ಬೆಳೆಗಾರರಿಗೆ ಹುಳುವಿನ ಸಾವು ಹೊಸದಲ್ಲ. ಹಾಲು ತೊಂಡೆ ಬಂದರೆ ಮೈ ಊದಿ, ಚರ್ಮ ಒಡೆದು ಹಾಲಿನಂಥ ದ್ರವ ಸೋರುತ್ತದೆ. ಸುಣ್ಣಕಟ್ಟು ಬಂದರೆ ಸತ್ತ ಹುಳು ಬೆಳ್ಳಗೆ ಸೆಟೆದುಕೊಳ್ಳುತ್ತದೆ. ಸಪ್ಪೆ ರೋಗದಲ್ಲಿ ಹುಳು ಮೇವು ಬಿಟ್ಟು ಮೆತ್ತಗಾಗುತ್ತದೆ. ಪಕ್ಕದ ಹೊಲಕ್ಕೆ ಹೊಡೆದ ವಿಷ ಹಿಪ್ಪುನೇರಳೆ ಸೊಪ್ಪಿಗೆ ತಾಗಿದ್ದರೆ ಹುಳು ಕಕ್ಕಿಕೊಂಡು, ಮೈ ತಿರುಚಿಕೊಂಡು ಸಾಯುತ್ತದೆ. ಇವಕ್ಕೆಲ್ಲ ಹೆಸರಿದೆ, ಗುರುತಿದೆ, ಮಾಡಬೇಕಾದ ಕೆಲಸವೂ ಗೊತ್ತಿದೆ.

ನಾವು ಇಲ್ಲಿ ಎಚ್ಚರಿಸಲು ಹೊರಟಿರುವುದು ಇನ್ನೊಂದು ಬಗೆಯ ನಷ್ಟದ ಬಗ್ಗೆ. ಇದರಲ್ಲಿ ಹುಳು ಕೂಡಲೇ ಸಾಯುವುದಿಲ್ಲ. ನಾಲ್ಕನೇ ಜ್ವರದಿಂದ, ಅಂದರೆ ನಾಲ್ಕನೇ ಸಲ ಪೊರೆ ಕಳಚಿ, ಎದ್ದು ಹುರುಪಿನಿಂದ ಸೊಪ್ಪು ತಿನ್ನುತ್ತದೆ, ದಪ್ಪವಾಗುತ್ತದೆ, ಮತ್ತೂ ತಿನ್ನುತ್ತದೆ. ನೂಲು ಬಿಡಲು ಹಣ್ಣಾಗಬೇಕಾದ ದಿನ ಬಂದರೂ ಹಣ್ಣಾಗುವುದಿಲ್ಲ. ಗೂಡು ಕಟ್ಟುವ ಚಂದ್ರಿಕೆಗೆ ಬಿಟ್ಟರೆ ಸುಮ್ಮನೆ ಹರಿದಾಡುತ್ತದೆ, ಇಲ್ಲವೇ ತೆಳ್ಳನೆಯ ಎಳೆ ಬಿಟ್ಟು ನಿಲ್ಲಿಸಿಬಿಡುತ್ತದೆ. ದಿನಗಳು ಕಳೆದ ಮೇಲೆ ಹುಳುವಾಗಿಯೇ ಸಾಯುತ್ತದೆ. ರೋಗವೆಂದು ಹೇಳಲು ಲಕ್ಷಣವಿಲ್ಲ, ವಿಷವೆಂದು ಹೇಳಲು ಸಾಮೂಹಿಕ ಸಾವಿಲ್ಲ. ಮೊಟ್ಟೆ, ಸೊಪ್ಪು, ಕೂಲಿ, ಬೆಳೆಗಾರರ ನಿದ್ದೆ ಎಲ್ಲವೂ ಖರ್ಚಾದ ಮೇಲೆ ಗೂಡು ಮಾತ್ರ ಇಲ್ಲ.

ಇದಕ್ಕೆ ಬೇರೆ ಕಾರಣಗಳೂ ಇರಬಹುದು. ಆದರೆ ಹೀಗೆ ಆಗಲು ಒಂದು ಕಾರಣ ಸಾಕೆಂಬುದು ಬೇರೊಂದು ದೇಶದಲ್ಲಿ ಆಗಲೇ ಸಾಬೀತಾಗಿದೆ. ಕೀಟದ ಹಾರ್ಮೋನನ್ನು ಅನುಕರಿಸುವ ಅಥವಾ ಕೆಡಿಸುವ ವಸ್ತು ಸೊಪ್ಪಿನ ಮೇಲೆ ಕಣ್ಣಿಗೆ ಕಾಣದಷ್ಟು ಬಿದ್ದಿದ್ದರೂ ಸಾಕು. ಇಂಥ ವಸ್ತುಗಳು ನಮ್ಮ ಅಂಗಡಿಗಳಲ್ಲಿ ಈಗ ಸಲೀಸಾಗಿ ಸಿಗುತ್ತಿವೆ. ರೇಷ್ಮೆ ಸೀಮೆಯಲ್ಲಿ ಇವುಗಳ ಬಳಕೆಗೆ ಕಟ್ಟುಪಾಡು ಬೇಕು. ಅದನ್ನು ಈಗಲೇ ಮಾಡಬೇಕು.

ಇದರ ವಿಜ್ಞಾನ ಕಷ್ಟದ್ದಲ್ಲ. ಕೀಟದ ಬೆಳವಣಿಗೆಯನ್ನು ಮುಖ್ಯವಾಗಿ ಎರಡು ಹಾರ್ಮೋನುಗಳು ನಡೆಸುತ್ತವೆ. ಎಕ್ಡೈಸೋನ್ ಎಂಬುದು ಪೊರೆ ಕಳಚುವ ಹಾರ್ಮೋನು. ಅದು ಏರಿದಾಗಲೆಲ್ಲ ಹುಳು ಹಳೆಯ ಚರ್ಮ ಬಿಟ್ಟು ಹೊಸದಕ್ಕೆ ಸಜ್ಜಾಗುತ್ತದೆ. ಇನ್ನೊಂದು ಎಳೆತನದ ಹಾರ್ಮೋನು. ತಲೆಯ ಹಿಂಭಾಗದ ಪುಟ್ಟ ಗ್ರಂಥಿಗಳಿಂದ ಬರುವ ಇದು ರಕ್ತದಲ್ಲಿ ಇರುವವರೆಗೆ, ಪೊರೆ ಕಳಚಿದ ಹುಳು ಮತ್ತೆ ಹುಳುವೇ ಆಗುತ್ತದೆ. ರೇಷ್ಮೆ ಹುಳು ನಾಲ್ಕು ಜ್ವರ ಕಳೆದು ಐದನೇ ಹಂತಕ್ಕೆ ಬಂದಾಗ ಎಳೆತನದ ಹಾರ್ಮೋನು ಇಳಿದುಹೋಗುತ್ತದೆ. ಆಮೇಲೆ ಎಕ್ಡೈಸೋನ್ ಏರಿದಾಗ ಹುಳು ಮೇವು ಬಿಡುತ್ತದೆ, ಮೈ ಪಾರದರ್ಶಕವಾಗುತ್ತದೆ, ನೂಲು ಬಿಡಲು ಶುರುಮಾಡುತ್ತದೆ. ನಮ್ಮ ರೈತರು ಹುಳು ಹಣ್ಣಾಯಿತು ಎನ್ನುವುದು ಈ ಗಳಿಗೆಯನ್ನೇ. ಒಂದು ಇಳಿದು ಇನ್ನೊಂದು ಏರುವ ಈ ಕ್ರಮ ತಪ್ಪಿದರೆ ಗೂಡಿಲ್ಲ.

ಈ ಕ್ರಮವನ್ನು ತಪ್ಪಿಸುವ ವಿದ್ಯೆಯನ್ನು ಮನುಷ್ಯನಿಗಿಂತ ಕೋಟ್ಯಂತರ ವರ್ಷ ಮೊದಲು ಗಿಡಮರಗಳು ಕಲಿತಿದ್ದವು. ತಮ್ಮನ್ನು ತಿನ್ನಲು ಬಂದ ಕೀಟವನ್ನು ಕೊಲ್ಲದೆಯೂ ಅದರ ವಂಶ ಮುಂದುವರಿಯದಂತೆ ಮಾಡುವ ರಾಸಾಯನಿಕಗಳು ಅವುಗಳ ಒಡಲಲ್ಲಿವೆ. ಇದು ವಿಜ್ಞಾನಿಗಳ ಕಣ್ಣಿಗೆ ಬಿದ್ದದ್ದು ಆಕಸ್ಮಿಕವಾಗಿ. 1960ರ ದಶಕದ ಮಧ್ಯದಲ್ಲಿ ಪ್ರಾಗ್ ನಗರದ ಕಾರೆಲ್ ಸ್ಲಾಮಾ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಕ್ಯಾರಲ್ ವಿಲಿಯಮ್ಸ್ ಅವರ ಪ್ರಯೋಗಾಲಯಕ್ಕೆ ಬಂದಾಗ ತಮ್ಮ ಜೊತೆ ಕೆಂಪು ತಿಗಣೆಯ ಜಾತಿಯೊಂದನ್ನು ತಂದಿದ್ದರು. ಯುರೋಪಿನಲ್ಲಿ ಸಲೀಸಾಗಿ ಬೆಳೆಯುತ್ತಿದ್ದ ಆ ತಿಗಣೆ ಅಲ್ಲಿ ಪ್ರೌಢ ಕೀಟವಾಗಲೇ ಇಲ್ಲ. ಮರಿಯಾಗಿಯೇ ಇನ್ನೊಮ್ಮೆ ಪೊರೆ ಕಳಚಿ, ದೈತ್ಯ ಮರಿಯಾಗಿ ಸತ್ತಿತು. ಆಹಾರ, ನೀರು, ಬೆಳಕು ಎಲ್ಲ ಪರೀಕ್ಷಿಸಿದ ಮೇಲೆ ಕಾರಣ ಸಿಕ್ಕಿದ್ದು ತಿಗಣೆಗಳ ಕೆಳಗೆ ಹಾಸಿದ್ದ ಕಾಗದದಲ್ಲಿ. ಅಮೆರಿಕದ ಪತ್ರಿಕೆಗಳ ಕಾಗದ ಹಾಸಿದರೆ ತಿಗಣೆ ಬೆಳೆಯುತ್ತಿರಲಿಲ್ಲ, ಲಂಡನ್ನಿನ ಪತ್ರಿಕೆಯ ಕಾಗದ ಹಾಸಿದರೆ ಬೆಳೆಯುತ್ತಿತ್ತು. ಅಮೆರಿಕದ ಕಾಗದಕ್ಕೆ ಬಳಸುತ್ತಿದ್ದ ಬಾಲ್ಸಮ್ ಫರ್ ಮರದಲ್ಲಿ ಎಳೆತನದ ಹಾರ್ಮೋನಿನಂತೆ ವರ್ತಿಸುವ ವಸ್ತುವಿತ್ತು. ಮರ ಕಡಿದು, ತಿರುಳು ಮಾಡಿ, ಕಾಗದವಾಗಿ ಮುದ್ರಣವಾದ ಮೇಲೂ ಅದರ ಶಕ್ತಿ ಉಳಿದಿತ್ತು. 1966ರಲ್ಲಿ ಅದನ್ನು ಬೇರ್ಪಡಿಸಿ ಜುವಾಬಯೋನ್ ಎಂದು ಕರೆದರು.

ಎಕ್ಡೈಸೋನಿನ ಕಥೆ ನಮ್ಮ ರೇಷ್ಮೆಗೆ ಇನ್ನೂ ಹತ್ತಿರದ್ದು. 1954ರಲ್ಲಿ ಜರ್ಮನಿಯ ಬುಟೆನಾಂಟ್ ಮತ್ತು ಕಾರ್ಲ್‌ಸನ್ ಈ ಹಾರ್ಮೋನನ್ನು ಮೊದಲ ಬಾರಿಗೆ ಶುದ್ಧವಾಗಿ ಪಡೆದದ್ದು ರೇಷ್ಮೆಯ ಕೋಶಗಳಿಂದ, ಅಂದರೆ ಗೂಡಿನೊಳಗಿನ ಪ್ಯೂಪಾಗಳಿಂದ. 500 ಕಿಲೋ ಕೋಶ ಅರೆದಾಗ ಸಿಕ್ಕಿದ್ದು 25 ಮಿಲಿಗ್ರಾಂ ಮಾತ್ರ. ಹನ್ನೆರಡು ವರ್ಷಗಳ ನಂತರ ಜಪಾನಿನ ಕೋಜಿ ನಕಾನಿಶಿ ಅವರ ತಂಡ ಪೋಡೋಕಾರ್ಪಸ್ ಎಂಬ ಮರದ ಎಲೆಯಲ್ಲಿ ಅದೇ ಬಗೆಯ ವಸ್ತುವನ್ನು ಗ್ರಾಂ ಲೆಕ್ಕದಲ್ಲಿ ಕಂಡಿತು. ಆಮೇಲೆ ಜರೀಗಿಡಗಳಲ್ಲಿ, ನಮ್ಮ ಬೇಲಿಸಾಲಿನ ಉತ್ತರಾಣಿಯಲ್ಲಿ, ಅಡುಗೆಮನೆಯ ಪಾಲಕ್ ಸೊಪ್ಪಿನಲ್ಲಿ ಕೂಡ ಅದು ಸಿಕ್ಕಿತು. ಹೊಲದ ಬದುಗಳಲ್ಲಿ ತಿಳಿನೇರಳೆ ಹೂ ಬಿಡುವ ಅಜೆರಾಟಮ್ ಕುಲದ ಗಿಡವೊಂದರಲ್ಲಿ ಎಳೆತನದ ಹಾರ್ಮೋನಿನ ಗ್ರಂಥಿಯನ್ನೇ ಹಾಳುಮಾಡುವ ವಸ್ತುವನ್ನು 1976ರಲ್ಲಿ ವಿಲಿಯಂ ಬವರ್ಸ್ ಪ್ರಕಟಿಸಿದರು. ಅದನ್ನು ಮುಟ್ಟಿದ ಮರಿ ಕೀಟ ಅಕಾಲದಲ್ಲಿ ಪ್ರೌಢವಾಗಿ, ಮೊಟ್ಟೆ ಇಡಲಾರದ ಕುಬ್ಜ ಕೀಟವಾಗುತ್ತದೆ. ಕಾಮಕಸ್ತೂರಿಯ ಎಣ್ಣೆಯಲ್ಲೂ ಎಳೆತನದ ಹಾರ್ಮೋನಿನ ಅನುಕರಣೆ ಸಿಕ್ಕಿತು. ಜೇಕಿನ ಜಾತಿಯ ಕಳೆಯೊಂದರಲ್ಲಿ 1988ರಲ್ಲಿ ಕಂಡದ್ದು ಅನುಕರಣೆಯಲ್ಲ, ಕೀಟದ ಹಾರ್ಮೋನೇ.

ಬೇವು ಈ ಸಾಲಿನ ಹಿರಿಯ. 1959ರಲ್ಲಿ ಸುಡಾನಿನಲ್ಲಿ ಮಿಡತೆಯ ದಂಡು ಹಸಿರೆಲ್ಲವನ್ನೂ ಬೋಳಿಸಿ ಬೇವಿನ ಮರಗಳನ್ನು ಮಾತ್ರ ಬಿಟ್ಟದ್ದನ್ನು ಜರ್ಮನಿಯ ಕೀಟಶಾಸ್ತ್ರಜ್ಞ ಹೈನ್ರಿಶ್ ಶ್ಮುಟೆರರ್ ಕಂಡರು. 1962ರಲ್ಲಿ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಎಸ್. ಪ್ರಧಾನ್ ಮತ್ತು ಸಂಗಡಿಗರು ಬೇವಿನ ಬೀಜದ ಕಷಾಯ ಹೊಡೆದ ಬೆಳೆಯನ್ನು ಮಿಡತೆ ಮುಟ್ಟುವುದಿಲ್ಲವೆಂದು ತೋರಿಸಿದರು. 1968ರಲ್ಲಿ ಬೀಜದ ಮುಖ್ಯ ಸತ್ವವಾದ ಅಝಾಡಿರಾಕ್ಟಿನ್ ಬೇರ್ಪಟ್ಟಿತು. ಅದರ ರಚನೆ ಎಷ್ಟು ಜಟಿಲವೆಂದರೆ ಪ್ರಯೋಗಾಲಯದಲ್ಲಿ ಅದನ್ನು ಕಟ್ಟಿ ನಿಲ್ಲಿಸಲು ಕೇಂಬ್ರಿಜ್‌ನ ಸ್ಟೀವನ್ ಲೇ ತಂಡಕ್ಕೆ 22 ವರ್ಷ ಹಿಡಿಯಿತು. ಕೆಲಸ ಮುಗಿದದ್ದು 2007ರಲ್ಲಿ. ಅಝಾಡಿರಾಕ್ಟಿನ್ ಕೀಟದ ಬಾಯಿ ಕಟ್ಟುತ್ತದೆ. ಅದನ್ನೂ ಮೀರಿ ತಿಂದ ಹುಳುವಿನಲ್ಲಿ ಮಿದುಳಿನಿಂದ ಹೊರಡಬೇಕಾದ ಹಾರ್ಮೋನು ಸಂಕೇತಗಳನ್ನು ತಡೆಯುತ್ತದೆ. ಎಕ್ಡೈಸೋನ್ ಹೊತ್ತಿಗೆ ಸರಿಯಾಗಿ ಏರುವುದಿಲ್ಲ, ಪೊರೆ ಅರ್ಧ ಕಳಚಿ ಅಲ್ಲೇ ನಿಲ್ಲುತ್ತದೆ. ಬೇವು ಹೊಡೆದ ಮರುದಿನ ಹುಳು ಬದುಕಿದ್ದುದನ್ನು ಕಂಡು ಔಷಧಿ ಕೆಲಸ ಮಾಡಲಿಲ್ಲ ಎಂದು ರೈತರು ಬೇಸರಪಡುತ್ತಾರೆ. ಬೇವು ಕೆಲಸ ಮಾಡುವ ರೀತಿಯೇ ನಿಧಾನದ್ದು.

ಹಾರ್ಮೋನುಗಳ ಆಟ ನಮ್ಮ ರೇಷ್ಮೆ ಬೆಳೆಗಾರರಿಗೆ ಅಪರಿಚಿತವೇನಲ್ಲ. ಗಿಡಗಳಿಂದ ತೆಗೆದ ಎಕ್ಡೈಸೋನ್ ಬಗೆಯ ಸತ್ವ 'ಸಂಪೂರ್ಣ' ಎಂಬ ಹೆಸರಿನಲ್ಲಿ ಮಾರಾಟವಾಗುತ್ತದೆ. ಮೊದಲ ಹುಳುಗಳು ಹಣ್ಣಾಗುತ್ತಿದ್ದಂತೆ ಅದನ್ನು ಸೊಪ್ಪಿಗೆ ಚಿಮುಕಿಸಿ ಕೊಟ್ಟರೆ ಉಳಿದ ಹುಳುಗಳೂ ಒಟ್ಟಿಗೆ ಹಣ್ಣಾಗುತ್ತವೆ, ಆರಿಸುವ ಕೂಲಿ ಉಳಿಯುತ್ತದೆ. ಜಪಾನಿನಲ್ಲಿ ಎಳೆತನದ ಹಾರ್ಮೋನಿನ ಅನುಕರಣೆಯಾದ ಮೆಥೊಪ್ರೀನನ್ನು ಐದನೇ ಹಂತದಲ್ಲಿ ಅತಿ ಸಣ್ಣ ಪ್ರಮಾಣದಲ್ಲಿ ಕೊಟ್ಟು, ಹುಳು ಇನ್ನೂ ಸ್ವಲ್ಪ ಹೊತ್ತು ತಿಂದು ದೊಡ್ಡ ಗೂಡು ಕಟ್ಟುವಂತೆ ಮಾಡಿದ್ದರು. ಅಂದರೆ ಅಳತೆ ಮತ್ತು ಹೊತ್ತು ಸರಿಯಿದ್ದರೆ ಇದು ಲಾಭ. ಹೊತ್ತು ತಪ್ಪಿದರೆ, ಅಳತೆ ಮೀರಿದರೆ, ಅದೇ ವಸ್ತು ಬೆಳೆಯನ್ನು ನುಂಗುತ್ತದೆ. ಪಕ್ಕದ ಹೊಲದಿಂದ ಗಾಳಿಯಲ್ಲಿ ತೇಲಿಬರುವ ಸಿಂಪಡಣೆಗೆ ಹೊತ್ತೂ ಇಲ್ಲ, ಅಳತೆಯೂ ಇಲ್ಲ.

ಗಿಡಗಳಿಂದ ಕಲಿತ ಈ ಪಾಠವನ್ನು ಕಂಪನಿಗಳು ಮುಂದುವರಿಸಿದವು. ಗಿಡದ ವಸ್ತು ಬಿಸಿಲಿಗೆ ಬೇಗ ಕೆಡುತ್ತದೆ. ಅಝಾಡಿರಾಕ್ಟಿನ್ ಕೂಡ ಎಲೆಯ ಮೇಲೆ ಕೆಲವೇ ದಿನಗಳಲ್ಲಿ ಒಡೆದುಹೋಗುತ್ತದೆ. ಆದ್ದರಿಂದ ಅದೇ ತತ್ವದ, ಆದರೆ ಬಿಸಿಲಿಗೆ ಜಗ್ಗದ ವಸ್ತುಗಳನ್ನು ಹುಡುಕಿದರು. ಮೆಥೊಪ್ರೀನ್ ನಂತರ ಫೆನಾಕ್ಸಿಕಾರ್ಬ್ ಬಂತು, ಆಮೇಲೆ ಪೈರಿಪ್ರಾಕ್ಸಿಫೆನ್ ಬಂತು. ಇವು ಗಿಡದಿಂದ ತೆಗೆದವಲ್ಲ, ಕಾರ್ಖಾನೆಯಲ್ಲಿ ಮಾಡಿದವು. ಆದರೆ ಹುಳುವಿನ ಒಡಲಲ್ಲಿ ಇವು ಹೊಕ್ಕುವ ಬಾಗಿಲು ಜುವಾಬಯೋನ್ ಹೊಕ್ಕ ಬಾಗಿಲೇ. ಮನುಷ್ಯನಿಗೆ ಇವು ಹೆಚ್ಚು ಅಪಾಯಕಾರಿಯಲ್ಲ ಎಂಬುದೂ ನಿಜ. ಸೊಳ್ಳೆ ಮರಿಗಳ ಹತೋಟಿಗಾಗಿ ಕುಡಿಯುವ ನೀರಿಗೇ ಲೀಟರಿಗೆ 0.01 ಮಿಲಿಗ್ರಾಂ ಮೀರದಂತೆ ಪೈರಿಪ್ರಾಕ್ಸಿಫೆನ್ ಬಳಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಅಂಗಡಿಯಲ್ಲಿ ಈ ಬಾಟಲಿ ಕೈಗಿಡುವಾಗ ಹೇಳುವ ಭರವಸೆಯೂ ಇದೇ: ಇದು ಸೌಮ್ಯ, ಮನುಷ್ಯರಿಗೆ ಏನೂ ಆಗದು. ಆ ಮಾತು ಸರಿ. ಆದರೆ ರೇಷ್ಮೆ ಹುಳು ಮನುಷ್ಯನಲ್ಲ, ಕೀಟ. ಮನುಷ್ಯನಿಗೆ ಸುರಕ್ಷಿತವಾಗುವಂತೆ, ಕೀಟಕ್ಕೆ ಮಾತ್ರ ತಾಗುವಂತೆ ಆರಿಸಿದ ವಸ್ತು ರೇಷ್ಮೆ ಹುಳುವಿಗೆ ತಾಗಿಯೇ ತಾಗುತ್ತದೆ.

ಹೀಗಾದರೆ ಏನಾಗುತ್ತದೆ ಎಂಬುದನ್ನು ಉತ್ತರ ಇಟಲಿ ನೋಡಿದೆ. ಅಲ್ಲಿನ ವೆನೆಟೊ ಪ್ರದೇಶದಲ್ಲಿ ಶತಮಾನಗಳಿಂದ ರೇಷ್ಮೆ ಸಾಕಣೆಯಿತ್ತು. 1990ರ ಸುಮಾರಿಗೆ ಅಲ್ಲಿ ಹುಳುಗಳು ಚೆನ್ನಾಗಿ ತಿಂದು, ಬೆಳೆದು, ಗೂಡು ಕಟ್ಟದೆ ಉಳಿಯತೊಡಗಿದವು. ರೋಗಾಣು ಹುಡುಕಿದರೆ ಸಿಗಲಿಲ್ಲ. ಕೊನೆಗೆ ಬೆರಳು ತೋರಿದ್ದು ಹಣ್ಣಿನ ತೋಟಗಳಿಗೆ ಹೊಡೆಯುತ್ತಿದ್ದ ಫೆನಾಕ್ಸಿಕಾರ್ಬ್ ಕಡೆಗೆ. ತೋಟದಿಂದ ತೇಲಿಬಂದ ಹನಿ ಹಿಪ್ಪುನೇರಳೆ ಎಲೆಗೆ ಅಂಟಿತ್ತು. ಗ್ರಾಮಿನ ನೂರು ಕೋಟಿಯಲ್ಲಿ ಒಂದು ಪಾಲಿನ ಲೆಕ್ಕದಲ್ಲಿ ಅಳೆಯಬೇಕಾದಷ್ಟು ಅಲ್ಪ ಪ್ರಮಾಣವೂ ಹುಳುವಿನ ಹಾರ್ಮೋನು ಕ್ರಮವನ್ನು ಕೆಡಿಸಬಲ್ಲದು ಎಂದು ಆಮೇಲಿನ ಅಧ್ಯಯನಗಳು ತೋರಿಸಿದವು. ಹಣ್ಣಿನ ರೈತ ತಪ್ಪೇನೂ ಮಾಡಿರಲಿಲ್ಲ. ಕೊಲ್ಲುವ ವಿಷಗಳನ್ನು ಬಿಟ್ಟು ಪರಿಸರಕ್ಕೆ ಒಳ್ಳೆಯದೆಂದು ಹೇಳಿದ್ದ ಔಷಧಿಯನ್ನೇ ಅವನು ಹೊಡೆದಿದ್ದ. ಕಾರಣ ಗೊತ್ತಾಗುವ ಹೊತ್ತಿಗೆ ಅನೇಕ ಕುಟುಂಬಗಳು ರೇಷ್ಮೆ ಸಾಕಣೆಯನ್ನೇ ಕೈಬಿಟ್ಟಿದ್ದವು.

ಈಗ ಕೋಲಾರ, ಚಿಕ್ಕಬಳ್ಳಾಪುರ, ರಾಮನಗರದ ಹೊಲಗಳನ್ನು ನೆನೆಯಿರಿ. ದೇಶದಲ್ಲಿ ಹಿಪ್ಪುನೇರಳೆ ರೇಷ್ಮೆ ಅತಿ ಹೆಚ್ಚು ಬೆಳೆಯುವ ರಾಜ್ಯ ನಮ್ಮದು. ಇಲ್ಲಿ ಸೊಪ್ಪಿನ ತೋಟಕ್ಕೂ ಟೊಮೆಟೊ ಹೊಲಕ್ಕೂ ನಡುವೆ ಇರುವುದು ಹಲವು ಕಡೆ ಒಂದು ಬದು ಮಾತ್ರ. ಆ ಕಡೆ ದ್ರಾಕ್ಷಿ, ಈ ಕಡೆ ಮೆಣಸಿನಕಾಯಿ, ಇನ್ನೊಂದು ಕಡೆ ಬದನೆ. ತರಕಾರಿಗೆ ಬಿಳಿನೊಣ ಬಂದರೆ ಎಲೆ ಮುದುಡುವ ನಂಜು ಬರುತ್ತದೆ, ಬೆಳೆ ಹೋಗುತ್ತದೆ. ಅದರ ಹತೋಟಿಗೆ ಪೈರಿಪ್ರಾಕ್ಸಿಫೆನ್ ಒಂಟಿಯಾಗಿಯೂ ಬೇರೆ ಕೀಟನಾಶಕದ ಜೊತೆ ಬೆರೆತೂ ದೇಶದ ಮಾರುಕಟ್ಟೆಯಲ್ಲಿದೆ. ಹತ್ತಿ, ಬದನೆ, ಬೆಂಡೆ, ಮೆಣಸಿನಕಾಯಿಗೆ ಶಿಫಾರಸಾಗಿದೆ. ಪೊರೆಯ ರಚನೆಯನ್ನೇ ತಡೆಯುವ ನೊವಾಲ್ಯುರಾನ್, ಲುಫೆನ್ಯುರಾನ್‌ಗಳೂ ತರಕಾರಿ ಹೊಲಗಳಲ್ಲಿ ಬಳಕೆಯಲ್ಲಿವೆ.

ನಮ್ಮ ಆತಂಕ ಈಗಲೇ ಏಕೆ ಎಂದರೆ ಮೂರು ಬದಲಾವಣೆಗಳು ಒಟ್ಟಿಗೆ ಬಂದಿವೆ. ಮೊದಲನೆಯದು, ಹಳೆಯ ತೀಕ್ಷ್ಣ ವಿಷಗಳು ಹೊರಟುಹೋಗುತ್ತಿವೆ. ಸೊಪ್ಪಿನ ತೋಟದಲ್ಲೂ ದಶಕಗಳ ಕಾಲ ಬಳಕೆಯಲ್ಲಿದ್ದ ಡೈಕ್ಲೋರ್ವಾಸ್ 2020ರ ಡಿಸೆಂಬರ್ 31ರಿಂದ ನಿಷೇಧವಾಗಿದೆ. ಈ ನಿಷೇಧ ಸರಿಯಾದದ್ದೇ. ಆದರೆ ಖಾಲಿಯಾದ ಜಾಗಕ್ಕೆ ಬರುವುದು ಬೇವಿನ ಸತ್ವಗಳೂ ಹಾರ್ಮೋನು ಕೆಡಿಸುವ ಹೊಸ ಔಷಧಿಗಳೂ. ಎರಡನೆಯದು, ಸಿಂಪಡಿಸುವ ರೀತಿ ಬದಲಾಗುತ್ತಿದೆ. ಮಹಿಳಾ ಸ್ವಸಹಾಯ ಸಂಘಗಳಿಗೆ 15,000 ಡ್ರೋನ್ ಕೊಡುವ 'ನಮೋ ಡ್ರೋನ್ ದೀದಿ' ಯೋಜನೆಗೆ ಕೇಂದ್ರ ಸರ್ಕಾರ 2023ರಲ್ಲಿ ಒಪ್ಪಿಗೆ ಕೊಟ್ಟಿದೆ. ಡ್ರೋನ್ ಕಡಿಮೆ ನೀರಿನಲ್ಲಿ ಗಟ್ಟಿಯಾದ ದ್ರಾವಣವನ್ನು ಸಣ್ಣ ಹನಿಗಳಾಗಿ ಮೇಲಿನಿಂದ ಬಿಡುತ್ತದೆ. ರೈತ ಮಹಿಳೆಗೆ ಅದರಿಂದ ದುಡಿಮೆ ಸಿಗುತ್ತದೆ, ಬೆನ್ನಿನ ಮೇಲೆ ವಿಷದ ಡಬ್ಬ ಹೊರುವುದು ತಪ್ಪುತ್ತದೆ. ಆದರೆ ಬದುವೇ ಗಡಿಯಾಗಿರುವ ಸೀಮೆಯಲ್ಲಿ ಸಣ್ಣ ಹನಿ ಗಾಳಿಗೆ ಸಿಕ್ಕರೆ ಬದುವನ್ನು ಲೆಕ್ಕಿಸುವುದಿಲ್ಲ. ಮೂರನೆಯದು, 'ಜೈವಿಕ', 'ಗಿಡಮೂಲಿಕೆ', 'ಬೇವು' ಎಂದು ಬರೆದ ಬಾಟಲಿ ಕಂಡರೆ ಎಲ್ಲರೂ ಕಾವಲು ಸಡಿಲಿಸುತ್ತಾರೆ. ಎಂಥ ಸೊಪ್ಪಿಗೂ ಹೊಡೆಯಬಹುದು ಎಂಬ ನಂಬಿಕೆ ಬೆಳೆಯುತ್ತಿದೆ. ಆದರೆ ಬೇವಿನ ಸತ್ವಕ್ಕೆ ಅತಿ ಬೇಗ ಬಾಗುವ ಕೀಟಗಳೆಂದರೆ ಪತಂಗಗಳ ಮರಿಹುಳುಗಳು. ರೇಷ್ಮೆ ಹುಳು ಆ ಕುಲದ್ದೇ.

ನಾವು ಬೇವಿನ ವಿರೋಧಿಗಳಲ್ಲ. ಇದನ್ನು ಒತ್ತಿ ಹೇಳಬೇಕು. ಬೇವಿನ ಬೀಜದ ಕಷಾಯ ನಮ್ಮ ರೈತರ ಕೈಯಲ್ಲಿರುವ ಅತ್ಯುತ್ತಮ ಸಾಧನಗಳಲ್ಲಿ ಒಂದು. ಐದು ಕಿಲೋ ತಿರುಳಿನ ಪುಡಿ ರಾತ್ರಿ ನೆನೆಸಿ, ಸೋಸಿ, ನೂರು ಲೀಟರ್ ಮಾಡಿ ಹೊಡೆಯುವ ವಿಧಾನ ಯಾವ ಅಂಗಡಿಯ ಹಂಗೂ ಇಲ್ಲದ್ದು. ಬೇವಿನ ಶಿಲೀಂಧ್ರನಾಶಕ ಗುಣದ ಮೇಲೆ ವಿದೇಶಿ ಕಂಪನಿಯೊಂದು ಪಡೆದಿದ್ದ ಯುರೋಪಿನ ಪೇಟೆಂಟ್ ವಿರುದ್ಧ ಹೋರಾಡಿ ಅದು 2000ದಲ್ಲಿ ರದ್ದಾಗುವಂತೆ, ಆ ತೀರ್ಪು 2005ರಲ್ಲಿ ಕಾಯಂ ಆಗುವಂತೆ ಮಾಡಿದವರಲ್ಲಿ ಭಾರತೀಯರೂ ಇದ್ದರು. ಗೆದ್ದುಕೊಂಡ ಈ ಆಸ್ತಿಯನ್ನು ಅಜಾಗರೂಕತೆಯಿಂದ ಹಾಳುಮಾಡಿಕೊಳ್ಳಬಾರದು ಎಂಬುದೂ ಈ ಎಚ್ಚರಿಕೆಯ ಭಾಗ.

ಹಾಳಾಗುವ ದಾರಿ ಯಾವುದೆಂದೂ ಗೊತ್ತಿದೆ. 1967ರಲ್ಲಿ ಕ್ಯಾರಲ್ ವಿಲಿಯಮ್ಸ್ ಹಾರ್ಮೋನು ಕೀಟನಾಶಕಗಳನ್ನು ಮೂರನೇ ಪೀಳಿಗೆಯ ಕೀಟನಾಶಕಗಳು ಎಂದು ಸಾರಿದಾಗ, ಕೀಟ ತನ್ನದೇ ಹಾರ್ಮೋನಿಗೆ ಎದುರು ನಿಲ್ಲಲಾರದು ಎಂಬ ಭರವಸೆಯಿತ್ತು. ಆಮೇಲೆ ಅದು ಸುಳ್ಳಾಯಿತು. ಇಸ್ರೇಲಿನಲ್ಲಿ ಪೈರಿಪ್ರಾಕ್ಸಿಫೆನ್ ಬಳಕೆಗೆ ಬಂದದ್ದು 1991ರಲ್ಲಿ. ಅಲ್ಲಿನ ಗುಲಾಬಿ ಹಸಿರುಮನೆಯೊಂದರಲ್ಲಿ ಮೂರು ಸಲ ಸಿಂಪಡಿಸುವಷ್ಟರಲ್ಲಿ ಬಿಳಿನೊಣ ಐನೂರು ಪಟ್ಟಿಗಿಂತ ಹೆಚ್ಚು ನಿರೋಧಕತೆ ಬೆಳೆಸಿಕೊಂಡಿತು. ಬೇವಿನ ಬಗ್ಗೆ 1995ರಲ್ಲಿ ಕೆನಡಾದಿಂದ ಬಂದ ಪ್ರಯೋಗ ಇನ್ನೂ ಸ್ಪಷ್ಟ ಪಾಠ ಹೇಳುತ್ತದೆ. ಹಸಿರು ಸಸ್ಯಹೇನುಗಳ ಒಂದು ಗುಂಪಿಗೆ ನಲವತ್ತು ಪೀಳಿಗೆ ಶುದ್ಧ ಅಝಾಡಿರಾಕ್ಟಿನ್ ಕೊಟ್ಟರು, ಇನ್ನೊಂದು ಗುಂಪಿಗೆ ಅಷ್ಟೇ ಅಝಾಡಿರಾಕ್ಟಿನ್ ಇರುವ ಬೇವಿನ ಬೀಜದ ಸಾರ ಕೊಟ್ಟರು. ಶುದ್ಧ ವಸ್ತು ತಿಂದ ಹೇನುಗಳಲ್ಲಿ ಒಂಬತ್ತು ಪಟ್ಟು ನಿರೋಧಕತೆ ಬಂತು. ಬೀಜದ ಸಾರ ತಿಂದವುಗಳಲ್ಲಿ ಬರಲಿಲ್ಲ. ಬೇವಿನ ಬಲ ಒಂದು ಅಣುವಿನಲ್ಲಿಲ್ಲ, ಬೀಜದೊಳಗಿನ ಅನೇಕ ವಸ್ತುಗಳ ಕೂಟದಲ್ಲಿದೆ. ಒಂದನ್ನೇ ಹೆಕ್ಕಿ, ಹೆಚ್ಚಿನ ಸಾಂದ್ರತೆಗೆ ಏರಿಸಿ, ವಾರವಾರ ಹೊಡೆದರೆ ಬಿಳಿನೊಣ ಒಗ್ಗಿಕೊಳ್ಳುತ್ತದೆ. ಆಗ ರೈತ ಪ್ರಮಾಣ ಹೆಚ್ಚಿಸುತ್ತಾನೆ. ಬಿಳಿನೊಣಕ್ಕೆ ಪೀಳಿಗೆಯ ಮೇಲೆ ಪೀಳಿಗೆ ಒಗ್ಗಿಕೊಳ್ಳಲು ಅವಕಾಶವಿದೆ. ಪ್ರತಿ ಬೆಳೆಗೂ ಹೊಸ ಮೊಟ್ಟೆಯಿಂದ ಬರುವ, ಹುಳುಮನೆಯೊಳಗೇ ಬಾಳುವ ರೇಷ್ಮೆ ಹುಳುವಿಗೆ ಆ ಅವಕಾಶವೇ ಇಲ್ಲ. ಕೊನೆಗೆ ತೊಂದರೆ ಕೊಡುವ ಕೀಟ ಉಳಿದು, ಅನ್ನ ಕೊಡುವ ಕೀಟ ಸಾಯುತ್ತದೆ.

ಈ ನಷ್ಟವನ್ನು ಗುರುತಿಸುವುದು ಏಕೆ ಕಷ್ಟ ಎಂಬುದನ್ನೂ ತಿಳಿಯಬೇಕು. ಸೊಪ್ಪಿನ ಬಗ್ಗೆ ಅನುಮಾನ ಬಂದರೆ ನಾಲ್ಕಾರು ಹುಳುಗಳಿಗೆ ಹಾಕಿ ನೋಡುವುದು ಜಾಣ ಬೆಳೆಗಾರರ ಕ್ರಮ. ಕೊಲ್ಲುವ ವಿಷಕ್ಕೆ ಆ ಪರೀಕ್ಷೆ ಸಾಕು, ಸಂಜೆಯೊಳಗೆ ಉತ್ತರ ಸಿಗುತ್ತದೆ. ಹಾರ್ಮೋನು ಕೆಡಿಸುವ ವಸ್ತುವಿಗೆ ಅದು ಸುಳ್ಳು ಧೈರ್ಯ ಕೊಡುತ್ತದೆ, ಏಕೆಂದರೆ ಆ ಹುಳುಗಳು ಸಂಜೆಗೂ ಮರುದಿನಕ್ಕೂ ಚೆನ್ನಾಗಿಯೇ ಇರುತ್ತವೆ. ಐದನೇ ಹಂತದ ಶುರುವಿನಲ್ಲಿ ತಿಂದ ಸೊಪ್ಪಿನ ತಪ್ಪು ಗೊತ್ತಾಗುವುದು ಒಂದು ವಾರದ ಮೇಲೆ. ಅಷ್ಟರಲ್ಲಿ ಆ ಸೊಪ್ಪು ಮುಗಿದಿರುತ್ತದೆ, ಗಿಡ ಕಟಾವಾಗಿರುತ್ತದೆ, ಸಾಕ್ಷಿ ಉಳಿಯುವುದಿಲ್ಲ. ಹುಳು ತನ್ನ ಇಡೀ ಬಾಳಿನಲ್ಲಿ ತಿನ್ನುವ ಸೊಪ್ಪಿನಲ್ಲಿ ಎಂಬತ್ತು ಪಾಲಿಗೂ ಹೆಚ್ಚನ್ನು ತಿನ್ನುವುದು ಐದನೇ ಹಂತದಲ್ಲಿ. ಹಾಗಾಗಿ ನಷ್ಟ ಗೊತ್ತಾಗುವ ಹೊತ್ತಿಗೆ ಖರ್ಚೂ ಪೂರ್ತಿ ಆಗಿರುತ್ತದೆ. ಬೆಳೆ ಹೋದದ್ದಕ್ಕೆ ಬೆಳೆಗಾರರು ತಮ್ಮನ್ನೇ ಹಳಿದುಕೊಳ್ಳುತ್ತಾರೆ, ಇಲ್ಲವೇ ಎಳೆ ಹುಳು ಸಾಕಿಕೊಡುವ ಚಾಕಿ ಕೇಂದ್ರವನ್ನು ದೂರುತ್ತಾರೆ.

ಮೊಟ್ಟೆಗಾಗಿ ಬೆಳೆಸುವ ಬಿತ್ತನೆ ಗೂಡಿನ ಪ್ರದೇಶಗಳಲ್ಲಿ ಅಪಾಯ ಇನ್ನೂ ಒಂದು ಹೆಜ್ಜೆ ಮುಂದಿದೆ. ಎಳೆತನದ ಹಾರ್ಮೋನಿನ ಅನುಕರಣೆಗಳು ಕೀಟದ ಮೊಟ್ಟೆ ಒಡೆಯದಂತೆಯೂ ಮಾಡಬಲ್ಲವು. ಕುಣಿಗಲ್, ಮಾಗಡಿ ಭಾಗದ ಮೈಸೂರು ತಳಿಯ ಬಿತ್ತನೆ ವಲಯದಲ್ಲಿ ಇಂಥ ಸಿಂಪಡಣೆ ತಾಗಿದರೆ ನಷ್ಟ ಒಂದು ಹುಳುಮನೆಗೆ ನಿಲ್ಲುವುದಿಲ್ಲ. ಮೊಟ್ಟೆಯ ಮೂಲಕ ಅದು ದೂರದ ಊರುಗಳಿಗೂ ತಲುಪುತ್ತದೆ. ರಾಮನಗರ, ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗಳನ್ನು ನಂಬಿ ಬದುಕುವ ರೀಲರುಗಳು, ಹುರಿ ಮಾಡುವವರು, ನೇಕಾರರು ಎಲ್ಲರೂ ಆ ಸಾಲಿನಲ್ಲಿದ್ದಾರೆ.

ಇದನ್ನು ತಡೆಯಲು ಹೊಸ ಕಾನೂನು, ದೊಡ್ಡ ಅನುದಾನಕ್ಕೆ ಕಾಯಬೇಕಿಲ್ಲ. ಇರುವ ವ್ಯವಸ್ಥೆಯೇ ಪರಸ್ಪರ ಮಾತಾಡಿದರೆ ಅರ್ಧ ಕೆಲಸವಾಗುತ್ತದೆ. ಯಾವ ಊರಿನ ಯಾವ ಮನೆಯಲ್ಲಿ ಹುಳು ಯಾವ ಜ್ವರದಲ್ಲಿದೆ ಎಂಬುದು ಚಾಕಿ ಕೇಂದ್ರಗಳಿಗೂ ರೇಷ್ಮೆ ಇಲಾಖೆಯ ತಾಂತ್ರಿಕ ಸೇವಾ ಕೇಂದ್ರಗಳಿಗೂ ಗೊತ್ತು. ಯಾವ ಕೀಟಕ್ಕೆ ಯಾವ ಔಷಧಿ ಎಂದು ಹೇಳುವುದು ಕೃಷಿ ಮತ್ತು ತೋಟಗಾರಿಕೆ ಇಲಾಖೆಗಳು. ಮೊದಲನೆಯದಾಗಿ, ರೇಷ್ಮೆ ಹೋಬಳಿಗಳಲ್ಲಿ ಈ ಎರಡೂ ಮಾಹಿತಿ ಒಂದೇ ಹಾಳೆಯ ಮೇಲೆ ಬರಬೇಕು. ಹುಳು ಐದನೇ ಹಂತದಲ್ಲಿರುವ ದಿನಗಳಲ್ಲಿ ಸೊಪ್ಪಿನ ತೋಟದ ಪಕ್ಕದ ಹೊಲಗಳಿಗೆ ಹಾರ್ಮೋನು ಬಗೆಯ ಔಷಧಿಯನ್ನು ಯಾರೂ ಶಿಫಾರಸು ಮಾಡಬಾರದು. ಡ್ರೋನ್ ಹಾರಿಸುವ ಸಂಘಗಳಿಗೆ ಆ ಹಾಳೆ ಮೊದಲು ತಲುಪಬೇಕು. ಬಿತ್ತನೆ ವಲಯಗಳಲ್ಲಿ ಈ ಔಷಧಿಗಳ ಮಾರಾಟಕ್ಕೇ ಮಿತಿ ಹಾಕುವುದು ಒಳ್ಳೆಯದು.

ಎರಡನೆಯದಾಗಿ, ಬಾಟಲಿಯ ಮೇಲೆ ಕನ್ನಡದಲ್ಲಿ, ಓದಲಾಗುವ ಅಕ್ಷರದಲ್ಲಿ, ಹಿಪ್ಪುನೇರಳೆ ತೋಟದ ಬಳಿ ಬಳಸಬೇಡಿ ಎಂಬ ಎಚ್ಚರಿಕೆಯೂ ರೇಷ್ಮೆ ಹುಳುವಿನ ಚಿತ್ರವೂ ಇರಲಿ. ಓದು ಬಾರದ ಕೂಲಿಕಾರರಿಗೂ ಅದು ಅರ್ಥವಾಗಬೇಕು. ಬೇವಿನ ಬಾಟಲಿಗಳಲ್ಲಿ ಹೇಳಿದಷ್ಟು ಸತ್ವವಿದೆಯೇ, ಹೇಳದ ಬೇರೆ ರಾಸಾಯನಿಕ ಬೆರೆತಿದೆಯೇ ಎಂಬುದನ್ನು ರೇಷ್ಮೆ ಜಿಲ್ಲೆಗಳ ಅಂಗಡಿಗಳಲ್ಲಿ ನಿಯಮಿತವಾಗಿ ಪರೀಕ್ಷಿಸಬೇಕು. ಫಲಿತಾಂಶವನ್ನು ಊರಿನ ಸೂಚನಾ ಫಲಕದ ಮೇಲೆ ಹಾಕಬೇಕು.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದದ್ದು. ಗೂಡು ಕಟ್ಟದ ಬೆಳೆಗೆ ನಮ್ಮ ದಾಖಲೆಗಳಲ್ಲಿ ತನ್ನದೇ ಕಲಮು ಬೇಕು. ಸಪ್ಪೆ ರೋಗದ ಲೆಕ್ಕದಲ್ಲೋ ನಿರ್ವಹಣೆ ಸರಿಯಿಲ್ಲ ಎಂಬ ಷರಾದಲ್ಲೋ ಅದು ಕರಗಿಹೋಗಬಾರದು. ಹುಳು ಹಣ್ಣಾಗಲು ಎಷ್ಟು ದಿನ ತಡವಾಯಿತು, ಅದೇ ಚಾಕಿಯ ಹುಳು ಬೇರೆ ಊರಿನಲ್ಲಿ ಗೂಡು ಕಟ್ಟಿತೇ, ಅದಕ್ಕೆ ಹಿಂದಿನ ಹದಿನೈದು ದಿನಗಳಲ್ಲಿ ಸುತ್ತಲ ಹೊಲಗಳಿಗೆ ಏನು ಹೊಡೆದರು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟರೆ ಸಾಕು. ಒಂದೇ ಚಾಕಿಯ ಹುಳು ಒಂದು ಊರಿನಲ್ಲಿ ಗೂಡು ಕಟ್ಟಿ ಇನ್ನೊಂದರಲ್ಲಿ ಕಟ್ಟದಿದ್ದರೆ ಅನುಮಾನ ಮೊಟ್ಟೆಯ ಮೇಲಲ್ಲ, ಸೊಪ್ಪಿನ ಮೇಲೆ ಹೋಗಬೇಕು. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆಗೂ ತಲಘಟ್ಟಪುರದ ರಾಜ್ಯ ಸಂಸ್ಥೆಗೂ ಇಂಥ ಸೊಪ್ಪನ್ನು ಪರೀಕ್ಷಿಸಿ ಬೇಗ ಉತ್ತರ ಕೊಡುವ ಹೊಣೆ ಮತ್ತು ಹಣ ಎರಡನ್ನೂ ಸರ್ಕಾರ ಕೊಡಲಿ. ಔಷಧಿಗೆ ರೇಷ್ಮೆ ಹುಳುವಿನ ಮೇಲೆ ಪರೀಕ್ಷೆ ಮಾಡುವಾಗ ಎಷ್ಟು ಹುಳು ಸತ್ತವು ಎಂದು ಎಣಿಸಿ ನಿಲ್ಲಿಸಬಾರದು. ಎಷ್ಟು ಗೂಡು ಕಟ್ಟಿದವು, ಆ ಗೂಡಿನ ಚಿಟ್ಟೆ ಇಟ್ಟ ಮೊಟ್ಟೆ ಎಷ್ಟು ಒಡೆದವು ಎಂಬವರೆಗೂ ಎಣಿಸಬೇಕು.

ಬೆಳೆಗಾರರು ಇಂದಿನಿಂದಲೇ ಮಾಡಬಹುದಾದದ್ದೂ ಇದೆ. ಐದನೇ ಹಂತ ಶುರುವಾದ ದಿನದಿಂದ 'ಎಲ್ಲಿಯ ಸೊಪ್ಪು, ಯಾವ ದಿನ' ಎಂದು ಒಂದು ಪುಸ್ತಕದಲ್ಲಿ ಬರೆದಿಡಿ. ಪ್ರತಿ ಕಟಾವಿನ ಒಂದು ಹಿಡಿ ಸೊಪ್ಪನ್ನು ಶುದ್ಧ ಕವರಿನಲ್ಲಿ, ದಿನಾಂಕ ಬರೆದು, ಸಾಧ್ಯವಿದ್ದರೆ ಫ್ರಿಜ್ಜಿನ ಮಂಜುಗಡ್ಡೆ ಖಾನೆಯಲ್ಲಿ ಗೂಡು ಬಿಡಿಸುವವರೆಗೆ ಇಟ್ಟುಕೊಳ್ಳಿ. ನಾಳೆ ಬೆಳೆ ತಪ್ಪಿದರೆ ನಿಮ್ಮ ಕೈಯಲ್ಲಿರುವ ಒಂದೇ ಸಾಕ್ಷಿ ಅದು. ಪಕ್ಕದ ಹೊಲದವರಿಗೆ ನಿಮ್ಮ ಹುಳು ಯಾವ ಜ್ವರದಲ್ಲಿದೆ ಎಂದು ಹೇಳಿಡಿ. ತರಕಾರಿ ಬೆಳೆಯುವವರು ನಿಮ್ಮ ಶತ್ರುಗಳಲ್ಲ. ಅವರ ಬೆಳೆಗೂ ಬಿಳಿನೊಣದ ಕಾಟವಿದೆ, ಅವರಿಗೂ ಸಾಲವಿದೆ. ಗಾಳಿ ಬೀಸುವ ದಿಕ್ಕು ನೋಡಿ, ಒಂದು ವಾರ ತಡೆದು, ಇಲ್ಲವೇ ಬೇರೆ ಔಷಧಿ ಆರಿಸಿಕೊಂಡು ಹೊಡೆಯುವುದು ಅವರಿಂದ ಆಗುವ ಕೆಲಸ, ಕೇಳಿದರೆ. ಬೇವು ಬಳಸುವ ತೋಟಗಾರರು ಅಂಗಡಿಯ ಶುದ್ಧ ಸತ್ವಕ್ಕಿಂತ ಇಡೀ ಬೀಜದ ಕಷಾಯವನ್ನು ನೆಚ್ಚಲಿ, ಒಂದೇ ಬಗೆಯನ್ನು ಸಾಲಾಗಿ ಹೊಡೆಯದಿರಲಿ. ಸೊಪ್ಪಿನ ತೋಟಕ್ಕೆ ಬೇವೇ ಆದರೂ ರೇಷ್ಮೆ ಇಲಾಖೆ ಹೇಳುವ ಬಿಡುವಿನ ದಿನಗಳು ಕಳೆಯದೆ ಆ ಸೊಪ್ಪನ್ನು ಹುಳುವಿಗೆ ಹಾಕಬೇಡಿ.

ಕರ್ನಾಟಕದ ರೇಷ್ಮೆಗೆ ದುರಂತ ಬಂದೇಬಿಟ್ಟಿದೆ ಎಂದು ನಾವು ಹೇಳುತ್ತಿಲ್ಲ. ದುರಂತಕ್ಕೆ ಬೇಕಾದ ಸಾಮಗ್ರಿಯೆಲ್ಲ ಒಂದೆಡೆ ಸೇರುತ್ತಿದೆ ಎಂದು ಹೇಳುತ್ತಿದ್ದೇವೆ. ವೆನೆಟೊದ ಬೆಳೆಗಾರರಿಗೆ ಯಾರೂ ಮುಂಚಿತವಾಗಿ ಹೇಳಿರಲಿಲ್ಲ, ಏಕೆಂದರೆ ಆಗ ಯಾರಿಗೂ ಗೊತ್ತಿರಲಿಲ್ಲ. ನಮಗೆ ಆ ನೆಪವಿಲ್ಲ. ಮುಂದಿನ ಹಂಗಾಮಿನ ಮೊಟ್ಟೆ ಹಂಚುವ ಮೊದಲು ರೇಷ್ಮೆ, ಕೃಷಿ, ತೋಟಗಾರಿಕೆ ಇಲಾಖೆಗಳ ಅಧಿಕಾರಿಗಳು ಒಂದೇ ಮೇಜಿಗೆ ಬರಲಿ. ರೇಷ್ಮೆ ಹೋಬಳಿಗಳ ಪಟ್ಟಿ, ನಿಷಿದ್ಧ ದಿನಗಳ ಪಟ್ಟಿ, ಗೂಡು ಕಟ್ಟದ ಬೆಳೆಯ ದಾಖಲೆ ಪುಸ್ತಕ, ಈ ಮೂರನ್ನು ಅಲ್ಲಿಯೇ ನಿಶ್ಚಯಿಸಿ ಹೊರಡಲಿ. ಆ ಸಭೆಯ ದಿನಾಂಕವನ್ನು ಸರ್ಕಾರ ಪ್ರಕಟಿಸಬೇಕೆಂದು ನಾವು ಒತ್ತಾಯಿಸುತ್ತೇವೆ.